ಗೊತ್ತಿದ್ದ ಮನೆಯ ಅಳತೆ

"ನಕ್ಷೆಯಲ್ಲಿ ಒಂದು ತಪ್ಪಿದೆ, ಮೇಡಂ," ಎನ್ನುತ್ತಾ ಕೊನೆಯ ಬೆಂಚಿನಿಂದ ಕಂಡಕ್ಟರ್ ಎದ್ದು ನಿಂತರು. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು. ನಿವೃತ್ತರಾಗಿದ್ದರೂ ಮೈಕು ಬೇಕಾಗಲಿಲ್ಲ. ಶಾಲೆಯ ಹಾಲಿನಲ್ಲಿ ಕೂತಿದ್ದ ಬೀದಿಯ ಅರವತ್ತು ಜನರೂ ತಿರುಗಿ ನೋಡಿದರು. ನಕ್ಷೆಯ ಪಕ್ಕ ನಿಂತಿದ್ದ ನಗರಸಭೆಯ ಎಂಜಿನಿಯರ್ ಹುಡುಗಿಯ ಮುಖ ಕೆಂಪಾಯಿತು. ಮೇಡಂ ಎಂದು ಕರೆದವರು ಅವಳ ಸ್ವಂತ ಅಪ್ಪ. ಬೆಳಿಗ್ಗೆ ತಾನೇ "ಕತ್ತೆ, ಛತ್ರಿ ಮರೀಬೇಡ" ಎಂದು ಗದರಿ ಕಳಿಸಿದವರು.

ಹನ್ನೆರಡು ಮನೆಯ ಬೀದಿ ಮಹಡಿಯ ಮೇಲೆ ಮಹಡಿ ಏರಿಸಿಕೊಂಡು ಎಂಬತ್ತು ಸಂಸಾರದ ಬೀದಿಯಾಗಿತ್ತು. ಚರಂಡಿ ಮಾತ್ರ ಹನ್ನೆರಡು ಮನೆಯದ್ದೇ. ಚರಂಡಿ ಅಗಲವಾಗಲಿ, ಮಕ್ಕಳು ಮುದುಕರು ನಡೆಯಲು ಫುಟ್‌ಪಾತ್ ಆಗಲಿ ಎಂದು ಬೀದಿಯವರೇ ಸಹಿ ಹಾಕಿ ಕೇಳಿದ್ದರು. ಸರಿ, ನಕ್ಷೆ ಬಂತು. ಅದರ ಕೆಂಪು ಗೆರೆ ದಾಟಿ ಯಾರ ಕಟ್ಟೆ, ಯಾರ ಮೆಟ್ಟಿಲು ಬಂದಿದೆಯೋ ಅದನ್ನು ಒಡೆಯಬೇಕು. ಕೇಳುವಾಗ ಎಲ್ಲರದೂ ಒಂದೇ ಬಾಯಿ ಇತ್ತು. ಗೆರೆ ಕಂಡ ಮೇಲೆ ಎಂಬತ್ತು ಬಾಯಿಯಾಯಿತು. ಎಲ್ಲರಿಗಿಂತ ಜೋರು ಕಂಡಕ್ಟರ್ ಪಕ್ಕದ ಮನೆಯ ಟೈಲರ್. ಅವನು ಮಷಿನ್ ಇಟ್ಟುಕೊಂಡ ಕಟ್ಟೆಯೇ ಮೂರಡಿ ಹೋಗುತ್ತಿತ್ತು. "ನಮ್ಮನೆ ಕಟ್ಟೆ ಒಡೀಬೇಕು, ಪಕ್ಕದ ಮನೇಲಿ ಒಂದು ಕಲ್ಲೂ ಅಲುಗಲ್ಲ. ಗೆರೆಗೂ ನೆಂಟಸ್ತನ ಇದೆ ಅಂತಾಯ್ತು!" ಎಂದು ಅವನು ಆಗತಾನೇ ಎಲ್ಲರನ್ನೂ ನಗಿಸಿ ಕೂತಿದ್ದ.

"ಎಲ್ಲಿ ತಪ್ಪಿದೆ, ಹೇಳಿ," ಎಂದಳು ಅವಳು. ಅಪ್ಪ ಎನ್ನಬೇಕೋ ಸರ್ ಎನ್ನಬೇಕೋ ತಿಳಿಯದೆ ಎರಡನ್ನೂ ನುಂಗಿಕೊಂಡಳು.

"ನನ್ನ ಮನೆ ಹತ್ರ. ನೀವು ಎರಡು ಮೆಟ್ಟಿಲು ಬರ್ದಿದೀರಿ. ಅಲ್ಲಿರೋದು ನಾಲ್ಕು."

"ಎಲ್ಲ ಅಳತೆ ಮಾಡಿಯೇ..."

"ಮಾಡಿಲ್ಲ ಮೇಡಂ. ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಟೇಪು ಟೈಲರ್ ಮನೆ ಮುಗಿಸ್ಕೊಂಡು ನೆಟ್ಟಗೆ ನಮ್ಮ ಆಚೆ ಮನೆಗೆ ಹೋಯ್ತು."

ಅವಳಿಗೆ ಈಗ ನೆನಪಾಯಿತು. ಉಳಿದೆಲ್ಲ ಮನೆಗೂ ಟೇಪು ಹಿಡಿದವಳು, ತನ್ನ ಮನೆ ಬಂದಾಗ 'ಇದು ಗೊತ್ತಿದ್ದದ್ದೇ' ಎಂದು ಹಾಗೆಯೇ ಬರೆದುಕೊಂಡಿದ್ದಳು. ಬರೆದದ್ದು ಚಿಕ್ಕವಳಿದ್ದಾಗ ತಾನು ಹಾರಿ ಇಳಿಯುತ್ತಿದ್ದ ಎರಡು ಕಡಿದಾದ ಮೆಟ್ಟಿಲು. ಅವಳು ಹಾಸ್ಟೆಲಿನಲ್ಲಿದ್ದ ಕಾಲದಲ್ಲಿ ಅಜ್ಜಿ ಅವುಗಳ ಮೇಲಿಂದ ಬಿದ್ದು ಮಂಡಿಗೆ ಪೆಟ್ಟುಮಾಡಿಕೊಂಡಿದ್ದಳು. ಆಮೇಲೆ ಅಪ್ಪ ಅವನ್ನು ಒಡೆಸಿ, ಬೀದಿಯ ಕಡೆಗೆ ಚಾಚಿ, ನಾಲ್ಕು ತಗ್ಗು ಮೆಟ್ಟಿಲು ಕಟ್ಟಿಸಿದ್ದರು. ಎರಡು ವರ್ಷದಿಂದ ದಿನಾ ಅದನ್ನೇ ಹತ್ತಿ ಇಳಿಯುತ್ತಿದ್ದರೂ ಅವಳ ಕೈ ಹಳೆಯದನ್ನೇ ಬರೆದಿತ್ತು. ನಾಚಿಕೆಯಿಂದ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ನಾಲ್ಕು ಮೆಟ್ಟಿಲು ಇರುವುದರಿಂದಲೇ ಅಜ್ಜಿ ದಿನಾ ಹೊರಗೆ ಬಂದು ಕೂರುತ್ತಿದ್ದಳು, ಬೇಕಾದಾಗ ಇಳಿದು ನಾಲ್ಕು ಮನೆ ತಿರುಗಿ ಬರುತ್ತಿದ್ದಳು. ಗೆರೆಯ ಒಳಗೆ ಹಳೆಯ ಕಡಿದಾದ ಎರಡಕ್ಕೆ ಮಾತ್ರ ಜಾಗ. ಅವು ಮತ್ತೆ ಬಂದರೆ ಅಜ್ಜಿ ಮನೆಯೊಳಗೇ ಉಳಿಯಬೇಕು. ಇದು ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ತೆಪ್ಪಗೆ ಕೂತಿದ್ದರೆ ಸಾಕಿತ್ತು.

"ಈಗಲೇ ಹೋಗಿ ಅಳೆಯೋಣ," ಎಂದು ಅವಳು ಟೇಪು, ಬಣ್ಣದ ಡಬ್ಬಿ ಕೈಗೆತ್ತಿಕೊಂಡಳು. ಸಭೆಗೆ ಸಭೆಯೇ ಎದ್ದು ಹಿಂದೆ ಬಂತು. ದಾರಿಯಲ್ಲಿ ಅಪ್ಪನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು. "ಮನೇಲೇ ಹೇಳಬಹುದಿತ್ತಲ್ಲಪ್ಪಾ. ಸುಮ್ನೆ ತಿದ್ದಿಬಿಡ್ತಿದ್ದೆ. ಅಷ್ಟು ಜನರೆದುರು ನನ್ನ ಮಾನ ತೆಗೆದ್ರಿ."

"ನೀನು ತಿದ್ತಿದ್ದೆ, ನಂಗೊತ್ತು. ಆದ್ರೆ ತಿದ್ದಿದ್ದನ್ನ ಯಾರು ನೋಡ್ತಿದ್ರು? ಆಮೇಲೆ ಗೊತ್ತಾದ್ರೆ, ಸಿಕ್ಕಿಬಿದ್ಲು, ಅದಕ್ಕೇ ತಿದ್ದಿದ್ಲು ಅಂತಿದ್ರು. ನಾಳೆ ಇನ್ನೊಂದು ಬೀದಿಗೆ ಟೇಪು ಹಿಡ್ಕೊಂಡು ಹೋಗ್ಬೇಕಾದೋಳು ನೀನು."

"ಮತ್ತೆ ಅಜ್ಜಿ?"

ಅಪ್ಪ ನಡಿಗೆ ಚುರುಕು ಮಾಡಿದರು.

ಅಜ್ಜಿ ಎಂದಿನಂತೆ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಬೀದಿಗೆ ಬೀದಿಯೇ ತನ್ನ ಕಡೆ ಬರುವುದನ್ನು ಕಂಡು ಕನ್ನಡಕ ಸರಿಮಾಡಿಕೊಂಡಳು. ಟೇಪಿನ ಇನ್ನೊಂದು ತುದಿಯನ್ನು ಟೈಲರ್ ತಾನಾಗಿಯೇ ಹಿಡಿದ. ಅಳತೆ ಅವನ ಕಸುಬು, ಬೇರೆಯವರ ಮೇಲೆ ನಂಬಿಕೆಯಿಲ್ಲ. "ಗೆರೆಯಿಂದಾಚೆ ಮೂರಡಿ ಎರಡಿಂಚು," ಎಂದ. ಗೆದ್ದವನ ಹಾಗೆ ಶುರುಮಾಡಿದವನ ದನಿ ಇಂಚಿಗೆ ಬರುವಷ್ಟರಲ್ಲಿ ಇಳಿದುಹೋಯಿತು. ದಿನವಿಡೀ ಮಷಿನ್ ತುಳಿಯುವ ಅವನ ಜೊತೆ ಈ ಮೆಟ್ಟಿಲ ಮೇಲಿಂದ ಹರಟುತ್ತಿದ್ದವಳು ಇದೇ ಅಜ್ಜಿ.

"ಇದೊಂದು ಬಿಟ್ಬಿಡಿ ಮೇಡಂ," ಎಂದ ಅವನು, ಟೇಪನ್ನು ಸುತ್ತುತ್ತಾ. "ನಾನೇನೂ ಕೇಳಲ್ಲ."

ಅವಳು ಅಪ್ಪನ ಕಡೆ ನೋಡಿದಳು. ಅವರು ತಲೆ ತಗ್ಗಿಸಿ ನಿಂತಿದ್ದರು. ಅವಳು ಬ್ರಷ್ಷನ್ನು ಕೆಂಪು ಬಣ್ಣದಲ್ಲಿ ಅದ್ದಿ, ಅಜ್ಜಿಯ ಮುಂದೆ ಮಂಡಿಯೂರಿದಳು. ಗೆರೆ ಬೀಳಬೇಕಾದದ್ದು ಮೇಲಿನಿಂದ ಎರಡನೆಯ ಮೆಟ್ಟಿಲಿನ ಮೇಲೆ, ಸರಿಯಾಗಿ ಅಜ್ಜಿ ಪಾದ ಊರಿದ್ದ ಜಾಗದಲ್ಲಿ.

"ಅಜ್ಜೀ, ಇಲ್ಲಿಂದ ಕೆಳಗಿನದೆಲ್ಲ ಒಡೀಬೇಕಾಗುತ್ತೆ."

ಅಜ್ಜಿ ಮೊಮ್ಮಗಳ ಮುಖ ನೋಡಿದಳು, ಕೈಯಲ್ಲಿದ್ದ ಬ್ರಷ್ ನೋಡಿದಳು, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ, ಕಸ ಗುಡಿಸುವವರಿಗೆ ಜಾಗ ಬಿಟ್ಟುಕೊಡುವ ಹಾಗೆ, ಎರಡೂ ಪಾದಗಳನ್ನು ಮೇಲೆತ್ತಿ ಹಿಡಿದಳು.

"ಬೇಗ ಎಳಿಯೇ," ಎಂದಳು. "ತುಂಬ ಹೊತ್ತು ಎತ್ತಿ ಹಿಡಿಯೋಕಾಗಲ್ಲ ನಂಗೆ."