ಸಮಾಧಿಗೆ ಕಲ್ಲಿಟ್ಟವನು

ಪೈನ್ ಮರದ ಹಿಂದೆ ಸಲಿಕೆ ಹಿಡಿದು ಕೂತು ಬ್ರೊನೆಕ್‌ಗೆ ಒಂದು ಗಂಟೆಯಾಗಿತ್ತು. ಅರವತ್ತನಾಲ್ಕರ ಮಂಡಿ ನೋಯುತ್ತಿತ್ತು. ಆದರೂ ಅಲುಗಾಡಲಿಲ್ಲ. ಇವತ್ತು ಆ ನೀಚ ಕೈಗೆ ಸಿಕ್ಕರೆ ಮೂಳೆ ಮುರಿಯದೆ ಬಿಡುವುದಿಲ್ಲ ಎಂದು ಹಲ್ಲು ಕಡಿಯುತ್ತಿದ್ದ.

ಸೋಮವಾರ ಕಾಡಿನ ಯಹೂದಿ ಸ್ಮಾರಕದ ಮೇಲೆ ಏಳು ಕಲ್ಲುಗಳಿದ್ದವು. ಎತ್ತಿ ಪೊದೆಗೆಸೆದ. ಮಂಗಳವಾರ ಮತ್ತೆ ಏಳು. ಅವನ್ನೂ ಎಸೆದ. ಸತ್ತವರಿಗೆ ಯಾರೋ ಕಲ್ಲು ಹೊಡೆಯುತ್ತಿದ್ದರು. ಅಂಥವರಿಗೆ ಓಲ್ಶಾನ್ಕಾದಲ್ಲಿ ಬರವಿರಲಿಲ್ಲ. ಯುದ್ಧ ಮುಗಿದು ನಲವತ್ತೈದು ವರ್ಷವಾದರೂ, ಯಹೂದಿ ಎಂದರೆ ಮುಖ ಸಿಂಡರಿಸುವ ಜನ ಈ ಪೋಲಿಷ್ ಹಳ್ಳಿಯಲ್ಲಿ ಆರಾಮಾಗಿಯೇ ಇದ್ದರು.

ಹೆಂಡತಿ ಗೆನ್ಯಾ ಬೆಳಿಗ್ಗೆಯೇ ಕುಟುಕಿದ್ದಳು. "ನಿಮ್ಮಪ್ಪನ ಗೋರಿಗೆ ವರ್ಷಕ್ಕೊಂದು ಸಲ ಹೋಗೋ ಗಂಡಸು, ಅಲ್ಲಿಗೆ ವಾರಕ್ಕೆರಡು ಸಲ ಹೂವು ಹೊರ್ತೀಯಲ್ಲ. ಅವರೇನು ನಿನಗೆ ನೆಂಟರಾ?"

ಬ್ರೊನೆಕ್ ಸಲಿಕೆ ಹೆಗಲಿಗೇರಿಸಿ ಹೊರಟುಬಂದಿದ್ದ.

ನಲವತ್ತೆರಡರ ಸೆಪ್ಟೆಂಬರಿನಲ್ಲಿ ಜರ್ಮನರು ಊರಿನ ಹನ್ನೆರಡು ಹುಡುಗರನ್ನು ಸಲಿಕೆ ಸಮೇತ ಇಲ್ಲಿಗೆ ಎಳೆತಂದಿದ್ದರು. ಅವನಿಗಾಗ ಹದಿನಾರು. ಗುಂಡಿ ತೋಡಿಸಿದರು. ಆಮೇಲೆ ಪಕ್ಕದ ಪೇಟೆಯ ಯಹೂದಿಗಳನ್ನು ಐದೈದು ಮಂದಿಯಂತೆ ಅಂಚಿನಲ್ಲಿ ನಿಲ್ಲಿಸಿ ಗುಂಡು ಹೊಡೆದರು. ತಾಯಂದಿರು ಕೂಸುಗಳ ಕಣ್ಣು ಮುಚ್ಚಿ ಹಿಡಿದಿದ್ದರು. ಸಂಜೆಯವರೆಗೂ ಬಂದೂಕು ನಿಲ್ಲಲಿಲ್ಲ. ಒಳಗಿಂದ ನರಳಾಟ ಕೇಳುತ್ತಿದ್ದಾಗಲೇ ಮಣ್ಣೆಳೆಯಲು ಹೇಳಿದರು. ಹುಡುಗರು ಎಳೆದರು. ಎಳೆದ ಮಣ್ಣು ಅಲ್ಲಾಡುತ್ತಿತ್ತು. ಇಷ್ಟನ್ನು ಅವನು ಪಾದ್ರಿಯ ಮುಂದೆ ಹೇಳಿಕೊಂಡಿದ್ದ. ಉಳಿದದ್ದನ್ನು ಪಾದ್ರಿಗೂ ಹೇಳಿರಲಿಲ್ಲ.

ಇನ್ನು ಮುಂದೆ ಇವರನ್ನು ಯಾರೂ ಮುಟ್ಟಕೂಡದು. ಬ್ರೊನೆಕ್‌ನ ಬಾಳಿಗೆ ಉಳಿದಿದ್ದ ಹರಕೆ ಅದೊಂದೇ.

ತರಗೆಲೆ ಸದ್ದಾಯಿತು. ಬಂದವನು ಒಬ್ಬನೇ. ಐವತ್ತೈದರ ಆಸುಪಾಸು, ಕಪ್ಪು ಕೋಟು, ಬೂಟಿನ ತುಂಬ ಬಸ್ ನಿಲ್ದಾಣದಿಂದ ನಡೆದು ಬಂದ ಕೆಸರು. ಊರಿನವನಲ್ಲ. ಸ್ಮಾರಕದ ಮುಂದೆ ನಿಂತು ಕಿಸೆಯಿಂದ ಟೋಪಿ ತೆಗೆದು ತಲೆಗೆ ಹಾಕಿಕೊಂಡ. ಬ್ರೊನೆಕ್‌ನ ರಕ್ತ ಕುದಿಯಿತು. ಗೋರಿಯ ಮುಂದೆ ಊರಿನ ಕುಡುಕರೂ ಟೋಪಿ ತೆಗೆಯುತ್ತಾರೆ, ಇವನು ಹಾಕಿಕೊಳ್ಳುತ್ತಾನೆ. ಕೈಯಲ್ಲಿ ಮೇಣದ ಬತ್ತಿಯಿಲ್ಲ, ಹೂವಿಲ್ಲ. ಅವನು ಬಗ್ಗಿ ನೆಲದಿಂದ ಕಲ್ಲುಗಳನ್ನು ಆರಿಸಿಕೊಂಡ.

ಬ್ರೊನೆಕ್ ನುಗ್ಗಿದ.

ಆ ಮನುಷ್ಯ ತಿರುಗುವಷ್ಟರಲ್ಲಿ ಸಲಿಕೆ ಮೇಲೆದ್ದಿತ್ತು. ಬ್ರೊನೆಕ್ ಕಣ್ಣು ಬಿಗಿಯಾಗಿ ಮುಚ್ಚಿ ಇದ್ದ ಬಲವೆಲ್ಲ ಹಾಕಿ ಬೀಸಿದ. ಕಬ್ಬಿಣ ಕಿವಿಯನ್ನು ಸೀಳಿಕೊಂಡು ಹೋಗಿ ಭುಜಕ್ಕೆ ಬಡಿಯಿತು. ಮನುಷ್ಯ ಮಂಡಿಯೂರಿದ. ಕುತ್ತಿಗೆಯ ಮೇಲೆ ರಕ್ತ ಧಾರೆಯಾಗಿ ಇಳಿಯಿತು. ಬ್ರೊನೆಕ್ ಎದೆಗೆ ಒದ್ದು ಅವನನ್ನು ಅಂಗಾತ ಕೆಡವಿದ.

"ನಾಯಿ, ಸತ್ತವರಿಗೂ ಕಲ್ಲು ಹೊಡೀತೀಯ?"

ಬಿದ್ದವನು ಕೈ ಅಡ್ಡ ಹಿಡಿದ. ಮುಷ್ಟಿಯಲ್ಲಿದ್ದ ಕಲ್ಲುಗಳನ್ನು ಬಿಟ್ಟಿರಲಿಲ್ಲ. ತೊದಲುತ್ತ ಬಂದ ಪೋಲಿಷ್ ಮಾತಿನಲ್ಲಿ ಪಕ್ಕದ ಪೇಟೆಯ ಹಳೆಯ ಎಳೆತವಿತ್ತು.

"ಹೊಡೀತಿಲ್ಲ ಯಜಮಾನ್ರೆ, ಇಡ್ತಾ ಇದೀನಿ. ನಮ್ಮಲ್ಲಿ ಟೋಪಿ ಹಾಕ್ಕೊಂಡು ಗೋರಿಗೆ ಹೂವಲ್ಲ, ಕಲ್ಲು ಇಡೋದು. ಬಂದು ನೋಡಿ ಹೋದೆ ಅಂತ ಗುರುತು. ದಿನಾ ತೆಗೆದೆಸೀತಿದ್ದೋರು ನೀವೇನಾ?"

ಬ್ರೊನೆಕ್‌ನ ಕೈಯಿಂದ ಸಲಿಕೆ ಜಾರಿತು. ಕರವಸ್ತ್ರ ಮಡಿಸಿ ಆ ಕಿವಿಗೆ ಒತ್ತಿ ಹಿಡಿದ, ಕ್ಷಮೆ ಕೇಳಿದ, ಮತ್ತೆ ಕೇಳಿದ. ಆಮೇಲೆ ಪೊದೆಗೆ ಕೈಹಾಕಿ ತಾನೇ ಎಸೆದಿದ್ದ ಕಲ್ಲುಗಳನ್ನು ಹೆಕ್ಕಿ ತಂದ.

ಶಿಮೊನ್ ಎಂದು ಅವನ ಹೆಸರು. ಹೈಫಾದಿಂದ ಬಂದಿದ್ದ. ಗುಂಪು, ಮಾರ್ಗದರ್ಶಿ ಯಾವುದೂ ಬೇಡವೆನಿಸಿ ಒಬ್ಬನೇ ಬಂದಿದ್ದನಂತೆ. ಕಲ್ಲುಗಳನ್ನು ಒಂದೊಂದಾಗಿ ಇಡುತ್ತ ಹೆಸರು ಹೇಳಿದ. ಅಮ್ಮ, ಅಪ್ಪ, ಅಜ್ಜಿ, ಮೂವರು ಅಕ್ಕಂದಿರು. ಕೈಯಲ್ಲಿ ಇನ್ನೊಂದು ಉಳಿಯಿತು. ಅದು ಯಾರದೆಂದು ಬ್ರೊನೆಕ್ ಕೇಳಿದ.

"ಇದು ನಿಮ್ಮೂರ ಹುಡುಗಂದು," ಎಂದ ಶಿಮೊನ್. "ನನಗಾಗ ಆರು ವರ್ಷ. ಗುಂಡು ತಾಗಿರಲಿಲ್ಲ. ಅಮ್ಮನ ಕೆಳಗಿಂದ ತಲೆ ಎತ್ತಿಬಿಟ್ಟೆ. ಸಿಪಾಯಿ ನೋಡ್ದ. ಪಕ್ಕದಲ್ಲಿ ಸಲಿಕೆ ಹಿಡಿದಿದ್ದ ಹುಡುಗನಿಗೆ ಹೊಡಿ ಅಂತ ಸನ್ನೆ ಮಾಡ್ದ. ಆ ಹುಡುಗ ನನ್ನ ತಲೆ ಪಕ್ಕದ ಮಣ್ಣಿಗೆ ಹೊಡೆದ. ಬೇಕಂತಲೇ ತಪ್ಪಿಸ್ದ. ನಾನು ಸತ್ತೋನ ಹಾಗೆ ಬಿದ್ಕೊಂಡೆ, ಕತ್ತಲಾದ್ಮೇಲೆ ಮಣ್ಣಿಂದ ತೆವಳಿ ಹೊರಗೆ ಬಂದೆ. ಜರ್ಮನರಿಗೆ ಗೊತ್ತಾಗಿ ಅವನನ್ನೂ ಕೊಂದಿರ್ತಾರೆ. ನನಗೀಗ ನಾಲ್ಕು ಮೊಮ್ಮಕ್ಕಳು, ಯಜಮಾನ್ರೆ. ಅವರೆಲ್ಲ ಆ ಹುಡುಗ ಕೊಟ್ಟ ಭಿಕ್ಷೆ."

ಅವನು ಆ ಕಲ್ಲನ್ನು ಉಳಿದವುಗಳಿಗಿಂತ ಮುಂದೆ, ಅಮ್ಮನ ಕಲ್ಲಿನ ಪಕ್ಕದಲ್ಲಿಟ್ಟು ತಲೆ ಬಾಗಿಸಿದ.

ಬ್ರೊನೆಕ್ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ತಪ್ಪಿಸಲಿಲ್ಲ," ಎಂದ ಕೊನೆಗೆ. "ಕೊಲ್ಲೋಕೇ ಹೊಡೆದೆ. ಕಣ್ಣು ಮುಚ್ಚಿದ್ದೆ, ಅಷ್ಟೇ."