ಬೆಂಡಿ ಹೊಲದ ಪಾತರಗಿತ್ತಿ

"ಒಂಬೈನೂರು ಪಾತರಗಿತ್ತಿ ಒಳಗ ಹೊಕ್ಕಾವಂತ! ನೀವೆಲ್ಲಾ ಏನ್ ಮಲ್ಕೊಂಡಿದ್ರೇನವಾ?" ಬೀಜದ ಕಂಪನಿಯ ಪ್ರವೀಣಕುಮಾರ ಬಲೆಯ ಬಾಗಿಲು ಸರಿಸಿ ಒಳಗೆ ನುಗ್ಗಿದ ರಭಸಕ್ಕೆ, ಬೆಂಡಿ ಗಿಡಗಳ ಸಾಲಿನಲ್ಲಿ ಬಗ್ಗಿದ್ದ ಹೆಣ್ಣುಮಕ್ಕಳೆಲ್ಲ ಸೆಟೆದು ನಿಂತರು.

ಹೊಲದೊಡತಿ ಮೈಲವ್ವ ತಲೆಯೆತ್ತಿ ಬಲೆಯ ಮೂಲೆಮೂಲೆಯನ್ನೂ ನೋಡಿದಳು. ಐರಣಿಯ ಈ ಹೊಲದಲ್ಲಿ ಅವಳು ಬೆಳೆಯುತ್ತಿದ್ದುದು ತಿನ್ನುವ ಬೆಂಡಿಯಲ್ಲ, ಕಂಪನಿಗೆ ಕೊಡುವ ಬೀಜ. ಸಂಜೆ ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರ ತೆಗೆದು, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಟೊಪ್ಪಿಗೆ ತೆಗೆದು ಬೇರೆ ತಳಿಯ ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ನಡುವೆ ಯಾವುದೋ ಹುಳ ಬಂದು ಎಲ್ಲಿಯದೋ ಪರಾಗ ಒರೆಸಿಹೋದರೆ ಬೀಜ ಬೆರಕೆ, ಕಂಪನಿ ಇಡೀ ಬೆಳೆಯನ್ನೇ ಬೇಡವೆನ್ನುತ್ತದೆ. ಅದಕ್ಕೇ ಹೊಲದ ಸುತ್ತ, ಮೇಲೆ, ಎಲ್ಲ ಕಡೆ ಸೊಳ್ಳೆಪರದೆಯಂಥ ಬಲೆ. ಹೆತ್ತ ಮಗಳಿಗೂ ಮೈಲವ್ವ ಇಷ್ಟು ಕಾವಲು ಕಾದವಳಲ್ಲ.

"ಯಾರ್ ಹೇಳಿದ್ರಿ ಸಾಹೇಬ್ರ?"

"ಯಾರ್ ಹೇಳೂದು? ನಮ್ಮ ಕಂಪನಿ ಮಷೀನ ಹೇಳೈತಿ!"

ಅವನು ಬೆರಳು ಮಾಡಿದ ಕಡೆ, ಕಂಬದ ಮೇಲೆ ಒಂದು ಕ್ಯಾಮೆರಾ ಪೆಟ್ಟಿಗೆ, ಅದರೆದುರು ಒಂದು ಬಿಳಿ ಹಲಗೆ ಏನೂ ಅರಿಯದವರಂತೆ ನಿಂತಿದ್ದವು. ಹಲಗೆಯ ಮೇಲೆ ಕೂರುವ, ಅದರ ಮುಂದೆ ಹಾಯುವ ಹುಳಗಳ ಚಿತ್ರ ತಾನೇ ತೆಗೆದು, ತಾನೇ ಎಣಿಸಿ, ಮೇಲಿನ ಆಫೀಸಿಗೆ ತಾನೇ ಕಳಿಸುವ ಯಂತ್ರ. ನಮ್ಮ ಹೊಲಗಳಲ್ಲಿ ಎಷ್ಟೊಂದು ಜೀವಗಳು ಸುಖವಾಗಿವೆ ನೋಡಿ ಎಂದು ಕಂಪನಿ ತನ್ನ ವರ್ಷದ ವರದಿಯಲ್ಲಿ ಹೇಳಿಕೊಳ್ಳಬೇಕಂತೆ. ಅದನ್ನು ತಂದು ನಿಲ್ಲಿಸಿದವಳು ಅದೇ ಕಂಪನಿಯ ಪರಿಸರ ವಿಭಾಗದ ಸುಶ್ಮಿತಾ, ಹಾವೇರಿಯ ಹುಡುಗಿ. ಹೂವಿರುವಲ್ಲಿ ನಿಲ್ಲಿಸು ಎಂದು ಅವಳಿಗೆ ಆಜ್ಞೆಯಾಗಿತ್ತು. ಹೂವು ಇದ್ದದ್ದು ಬಲೆಯೊಳಗೆ. ಹುಳ ಬಾರದಂತೆ ಕಟ್ಟಿದ ಬಲೆಯೊಳಗೆ ಹುಳ ಎಣಿಸುವ ಯಂತ್ರ! ಮೈಲವ್ವನಿಗೆ ಅಂದೇ ನಗು ಬಂದಿತ್ತು. ಬೇಡವೆಂದರೆ ಕಂಪನಿಯ ಮೇಲೆ ಕಂಪನಿಗೇ ಚಾಡಿ ಹೇಳಿದಂತಾಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಳು.

ಪ್ರವೀಣಕುಮಾರನ ಹಿಂದೆಯೇ ಬಂದ ಸುಶ್ಮಿತಾಳ ಮುಖ ಮಾತ್ರ ಹಬ್ಬದ ಮನೆಯಂತಿತ್ತು. "ಅಕ್ಕಾರ, ನೋಡ್ರಿ ಇಲ್ಲಿ! ಎಲ್ಲಾ ಕೆಂಪು ಪಾತರಗಿತ್ತಿ. ಇಂಥಾವು ಈ ಕಡೆ ಯಾರೂ ನೋಡಿಲ್ಲಂತ. ದೊಡ್ಡ ಸಾಹೇಬ್ರು ವರದಿ ಮುಖಪುಟಕ್ಕ ಹಾಕ್ತೇವಿ ಅಂದಾರ" ಎಂದು ಫೋನು ಮುಂದೆ ಹಿಡಿದಳು.

"ನೀವು ಮುಖಪುಟಕ್ಕ ಹಾಕ್ಕೊಳ್ರಿ, ನಾ ಬೀಜ ರಿಜೆಕ್ಟ್ ಮಾಡ್ತೇನಿ" ಎಂದ ಪ್ರವೀಣಕುಮಾರ.

ಮೈಲವ್ವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದಳು. "ಅಯ್ಯ ನನ್ನವ್ವಾ, ಇವು ಪಾತರಗಿತ್ತಿ ಅಲ್ರಿ, ನಮ್ಮ ಟೊಪಗಿ! ಸಂಜಿ ಮುಂದ ಹೊಳಿ ಗಾಳಿ ಬಿಟ್ಟಿತಂದ್ರ ಈ ಹಲಗಿ ಮುಂದಿನ ಗಿಡದ ತುಂಬ ಪಟಪಟ ಬಡೀತಾವ." ಉಡಿಯಿಂದ ಒಂದು ಕೆಂಪು ಕಾಗದ ತೆಗೆದು ಬಿಳಿ ಹಲಗೆಯ ಮುಂದೆ ಹಿಡಿದು ಉಫ್ ಎಂದು ಊದಿದಳು. ಕಾಗದ ಪಟಪಟಿಸಿತು. ಸಾಲಿನಲ್ಲಿದ್ದ ಹೆಣ್ಣುಮಕ್ಕಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು.

"ನೀವ ಹೇಳ್ರಿ ಮೇಡಂ, ನಿಮ್ಮ ಮಷೀನ ಅದು" ಎಂದ ಪ್ರವೀಣಕುಮಾರ. "ಪಾತರಗಿತ್ತೀನೋ, ಕಾಗದಾನೋ? ಪಾತರಗಿತ್ತಿ ಅಂದ್ರ ಇವರ ಬೀಜ ಹೋತು. ಕಾಗದ ಅಂದ್ರ ನಿಮ್ಮ ಮುಖಪುಟ ಹೋತು."

ನಗು ನಿಂತಿತು. ಒಂದು ಹಂಗಾಮಿನ ದುಡಿಮೆ ಪೂರ್ತಿ ಈ ಹುಡುಗಿಯ ನಾಲಿಗೆಯ ತುದಿಗೆ ಬಂದು ಕುಳಿತಿದೆಯಲ್ಲ ಎಂದು ಮೈಲವ್ವನಿಗೆ ಭಯವಾಯಿತು. ಸುಶ್ಮಿತಾ ಫೋನನ್ನು ನೋಡಿದಳು, ಗಿಡಗಳನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು.

"ಕಾಗದ ರಿ ಸರ್" ಎಂದಳು ಕೊನೆಗೆ, ಪರೀಕ್ಷೆಯಲ್ಲಿ ಫೇಲಾದವಳ ದನಿಯಲ್ಲಿ. "ಇಲ್ಲಿ ಒಂದೂ ಹುಳಾ ಇಲ್ಲ." ಮೈಲವ್ವನಿಗೆ ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕೆನ್ನಿಸಿತು.

ಆಗ ಬಂತು ಅದು. ಸಿಟ್ಟಿನ ಭರದಲ್ಲಿ ಪ್ರವೀಣಕುಮಾರ ತೆರೆದೇ ಬಿಟ್ಟಿದ್ದ ಬಾಗಿಲಿನಿಂದ, ಅವನ ತಲೆಯ ಮೇಲೆಯೇ ಹಾದು, ಅರಿಸಿನ ಬಣ್ಣದ ಒಂದು ಪಾತರಗಿತ್ತಿ. ಕಾಗದವಲ್ಲ, ಖರೇ ಪಾತರಗಿತ್ತಿ. ಗಿಡಗಳ ಮೇಲೆ, ಬೆಳಗಿನ ಕೆಲಸಕ್ಕೆಂದು ಟೊಪ್ಪಿಗೆ ತೆಗೆದ ಹೂಗಳು ಬಾಯಿ ತೆರೆದು ನಿಂತಿದ್ದವು. ಮೈಲವ್ವ ಸಾಲಿನ ಆಚೆಗಿದ್ದಳು. ಓಡಿದರೆ ಹೂಗಳೇ ಮುರಿಯುತ್ತಿದ್ದವು. ಪಾತರಗಿತ್ತಿಗೆ ಅವಸರವೇನಿರಲಿಲ್ಲ. ಅತ್ತ ತೂಗಿ ಇತ್ತ ತೂಗಿ, ಬಿಳಿ ಹಲಗೆಯ ಕಡೆಗೇ ಹೊರಟಿತು.

"ಬಂತು..." ಎಂದಳು ಸುಶ್ಮಿತಾ ಉಸಿರಿನಲ್ಲೇ. ಒಂದು ಗಳಿಗೆ ಅದು ಅಲ್ಲಿ ಕುಳಿತರೆ ಸಾಕು, ಯಂತ್ರಕ್ಕೆ ಒಂದಾದರೂ ನಿಜವಾದ ಜೀವ ಸಿಗುತ್ತಿತ್ತು. ಆ ಆಸೆ ಅವಳ ಮುಖದ ಮೇಲೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಮೈಲವ್ವನಿಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ, ಪಾಪ ಎನ್ನಿಸಿತು. ಹಲಗೆಯ ಪಕ್ಕದಲ್ಲೇ ಟೊಪ್ಪಿಗೆಯಿಲ್ಲದ ಹೂಗಳ ಸಾಲು. ಪಾತರಗಿತ್ತಿ ರೆಕ್ಕೆ ಮಡಿಸುವುದರಲ್ಲಿತ್ತು.

ಸುಶ್ಮಿತಾ ಹೆಗಲ ಮೇಲಿನ ದುಪಟ್ಟಾ ಎಳೆದುಕೊಂಡಳು. "ಹುಶ್! ಹುಶ್! ಹೊರಗ ನಡಿ!" ಎಂದು ಬೀಸುತ್ತ, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಅದನ್ನು ಬಾಗಿಲಿನವರೆಗೂ ಅಟ್ಟಿಸಿಕೊಂಡು ಹೋಗಿ ಹೊರಗೆ ಹಾಕಿದಳು. ಬಲೆಯನ್ನು ಸರ್ರನೆ ಎಳೆದು, ಅದಕ್ಕೆ ಬೆನ್ನು ಕೊಟ್ಟು ಏದುಸಿರು ಬಿಡುತ್ತ ನಿಂತಳು.

ಮೈಲವ್ವ ಚಪ್ಪಲಿಯನ್ನು ತಂದು ಅವಳ ಕಾಲ ಬಳಿ ಇಟ್ಟಳು.

"ಬರ್ರಿ ಮೇಡಂರ, ಚಾ ಕುಡೀರಿ. ಇವತ್ತ ನೋಡ್ರಿ ನೀವು ಕಂಪನಿ ಕೆಲಸ ಖರೇ ಮಾಡಿದ್ರಿ."