ತಮ್ಮನ ಪದ

ಸಂಶೋಧನಾ ಪತ್ರಿಕೆಗೆ ಒಪ್ಪಿಸಿದ್ದು ಲೇಖಕನ ನೆನಪಿನಲ್ಲಿ ಉಳಿಯುವಂತಿಲ್ಲ. ಒಂದೇ ಸಾಮಗ್ರಿ ಪತ್ರಿಕೆಯಲ್ಲೂ ಲೇಖಕನಲ್ಲೂ ಇರಬಾರದೆಂಬುದು ಹಳೆಯ ನಿಯಮ. ಧಾರವಾಡದ ಆ ಪತ್ರಿಕೆಯ ಕಚೇರಿಯಿಂದ ಜನ ಒಪ್ಪಿಸಿದ್ದನ್ನು ಮರೆತು ಹಗುರಾಗಿ ಹೊರಬರುವುದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ.

ನಿವೃತ್ತ ಅಧ್ಯಾಪಕ ಈರಭದ್ರಪ್ಪನವರ ಲೇಖನ, ಅವರನ್ನು ಸಾಕಿದ ಅಕ್ಕ ಬಾಳವ್ವನ ಬೀಸುವ ಪದಗಳ ಕುರಿತದ್ದು. ತೊಡೆಯ ಮೇಲೆ ನಿದ್ದೆಹೋದ ಈ ತಮ್ಮನ ಬಗ್ಗೆ ಅವಳು ಕಟ್ಟಿದ ಒಂದು ಪದವನ್ನು ಮಾತ್ರ ಅವರು ಕೈಬಿಟ್ಟಿದ್ದರು.

“ಪರಾಮರ್ಶಕರು ತಿರುಗಿ ಕಳಸ್ಯಾರ್ರಿ ಸರ್,” ಎಂದಳು ಗುಮಾಸ್ತೆ ಶಕೀಲಾ. “ಅಕ್ಕ ಬೀಸೂ ಮನ್ಯಾಗ ತಮ್ಮನ ಪದ ಇರಾಕ ಬೇಕಂತ. ಅದಿಲ್ಲದ ಅಚ್ಚಾಗೂದಿಲ್ಲಂತ.”

“ಅದೊಂದು ನನಗಿರಲಿ ಅಂದ್ಕೊಂಡಿದ್ದೆ.”

“ನಿಮ್ಮ ಅಕ್ಕಾರೂ ನೀವೂ ಹೋದಮ್ಯಾಲ ಅದನ್ನ ಯಾರು ಹಾಡ್ತಾರ್ರಿ?”

ಈರಭದ್ರಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಸಾಮಗ್ರಿ ಒಪ್ಪಿಸಲೆಂದು ಮೇಜಿನ ಮೇಲೆ ಇಟ್ಟಿದ್ದ ಧ್ವನಿಜಾಲರಿಗೆ ಬಾಯಿಟ್ಟು, ಆ ಪದವನ್ನು ಮೆಲ್ಲಗೆ ಹಾಡಿ ಮುಗಿಸಿದರು.

ಸಂಜೆ ಮನೆಯಲ್ಲಿ ಬಾಳವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಅದನ್ನೇ ಗುನುಗುತ್ತಿದ್ದಳು. ಈರಭದ್ರಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲಿ ನಿಂತು ಕೇಳಿದರು.

“ಭಾಳ ಚಲೋ ಐತಿ ಅಕ್ಕಾ. ನಾ ಎಂದೂ ಕೇಳಿದ್ದಿಲ್ಲ. ಅದರಾಗ ಬರೂ ಹುಡುಗ ಯಾರು?”

ಬಾಳವ್ವನ ಬೆರಳುಗಳು ಅಕ್ಕಿಯಲ್ಲಿ ನಿಂತವು. ಅವಳು ಅವರ ಮುಖವನ್ನು ನೋಡಿದಳು; ಆಮೇಲೆ ತನ್ನ ತೊಡೆಯನ್ನು ನೋಡಿಕೊಂಡಳು.

“ಇದ್ದ ಒಬ್ಬಾಂವ, ನಮ್ಮ ಮನ್ಯಾಗ,” ಎಂದಳು. “ಬಾ, ಕೈಕಾಲು ತೊಳ್ಕೊ. ಉಣ್ಣಾಕ ಹಾಕ್ತೀನಿ.”